ಗಣಿಯನ್ನು ನಂಬಿದ ನಾಡು

ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯ ರೈತನು ಮುಂಗಾರಿನಲ್ಲಿ ಹೊಲಕ್ಕೆ ರಾಗಿಯನ್ನು ಬಿತ್ತಿ, ಚಳಿ ಬೀಳುವ ಹೊತ್ತಿಗೆ ಕೊಯ್ದು ಕಣಕ್ಕೆ ತರುತ್ತಾನೆ. ಮಳೆ ಕೈಕೊಡದಿದ್ದರೆ ಮರುವರ್ಷವೂ ಅದೇ ಹೊಲ ಅದೇ ಬೆಳೆಯನ್ನು ಕೊಡುತ್ತದೆ. ಅವನ ಅಜ್ಜನಿಗೂ ಕೊಟ್ಟಿತ್ತು, ಮೊಮ್ಮಗನಿಗೂ ಕೊಟ್ಟೀತು. ಅಲ್ಲಿಂದ ಕೆಲವೇ ಮೈಲಿಗಳಾಚೆ, ಮಾರಿಕುಪ್ಪಂ, ಚಾಂಪಿಯನ್ ರೀಫ್, ಊರಿಗಾಂಗಳಲ್ಲಿ, 1880ರಿಂದ 2001ರವರೆಗೆ ಬೇರೊಂದು ಬಗೆಯ ಕೊಯ್ಲು ನಡೆಯಿತು. ಅಲ್ಲಿ ಒಮ್ಮೆ ತೆಗೆದದ್ದು ಮತ್ತೆ ಬೆಳೆಯಲಿಲ್ಲ. ಈ ಎರಡು ಕೊಯ್ಲುಗಳ ನಡುವಣ ವ್ಯತ್ಯಾಸವನ್ನು ಸರಿಯಾಗಿ ತಿಳಿದುಕೊಂಡರೆ, ಗಣಿಯನ್ನೇ ನಂಬಿಕೊಂಡ ಬಡ ನಾಡುಗಳ ಅರ್ಥವ್ಯವಸ್ಥೆಯ ಮುಖ್ಯ ತೊಡಕು ಅರ್ಥವಾದಂತೆಯೇ ಸರಿ.

ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ‘ನೈಸರ್ಗಿಕ ಸಂಪತ್ತು ಹೇರಳವಾಗಿರುವ ದೇಶ ಶ್ರೀಮಂತವಾಗುತ್ತದೆ’ ಎಂದು ಪರೀಕ್ಷೆಯಲ್ಲಿ ಬರೆಯುವುದನ್ನು ನಾವು ಕಂಡಿದ್ದೇವೆ. ಈ ವಾಕ್ಯಕ್ಕೆ ಪುರಾವೆ ಕೇಳಿದರೆ ತಬ್ಬಿಬ್ಬಾಗಬೇಕಾಗುತ್ತದೆ. ತಾಮ್ರದ ಜಾಂಬಿಯಾ ಬಡದೇಶ. ಹೇಳಿಕೊಳ್ಳುವಂಥ ಅದಿರು ಇಲ್ಲದ ಜಪಾನು ಶ್ರೀಮಂತ ದೇಶ. ಹೀಗೇಕೆ ಎಂಬುದನ್ನು ದೂರದ ದೇಶಗಳಿಗಿಂತ ಮೊದಲು ನಮ್ಮ ನೆರೆಯ ಚಿನ್ನದ ಗಣಿಯಲ್ಲೇ ಪರಿಶೀಲಿಸೋಣ.

ಕೋಣೆಯಷ್ಟು ಚಿನ್ನ

ಕೋಲಾರದ ಚಿನ್ನ ಉತ್ತರದಿಂದ ದಕ್ಷಿಣಕ್ಕೆ ಸುಮಾರು 80 ಕಿಲೋಮೀಟರು ಚಾಚಿರುವ, ಅಗಲದಲ್ಲಿ ಕೆಲವೇ ಕಿಲೋಮೀಟರುಗಳಿರುವ ಅತಿ ಪುರಾತನ ಶಿಲಾಪಟ್ಟಿಯೊಂದರಲ್ಲಿ ಅಡಗಿದೆ. ಬೆಣಚುಕಲ್ಲಿನ ಎಳೆಗಳಲ್ಲಿ ಹರಡಿಕೊಂಡ ಈ ಲೋಹವನ್ನು ಪ್ರಾಚೀನರೂ ಅಗೆದು ತೆಗೆದಿದ್ದರು. 1802ರಲ್ಲಿ ಜಾನ್ ವಾರೆನ್ ಎಂಬ ಸೇನಾಧಿಕಾರಿ ಊರಿಗಾಂ ಪ್ರದೇಶದ ಹಳ್ಳಿಗರು ಮಣ್ಣನ್ನು ತೊಳೆದು ಚಿನ್ನದ ಕಣಗಳನ್ನು ತೆಗೆಯುವುದನ್ನು ಕಣ್ಣಾರೆ ಕಂಡು ವರದಿ ಮಾಡಿದನು. 1870ರ ದಶಕದಲ್ಲಿ ಲಾವೆಲ್ ಎಂಬ ಐರಿಷ್ ಸೈನಿಕನು ಮೈಸೂರು ಸರಕಾರದಿಂದ ಅಗೆಯುವ ಹಕ್ಕನ್ನು ಪಡೆದನು. ಅವನಿಗೆ ಹಣ ಸಾಲಲಿಲ್ಲ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯು ಬಂದ ಮೇಲೆ, ಅದೂ ಮೊದಲ ಕೆಲವು ವರ್ಷಗಳ ನಷ್ಟದ ನಂತರ, ಶ್ರೀಮಂತವಾದ ಎಳೆ ಸಿಕ್ಕಿತು.

ಅಲ್ಲಿಂದ ಮುಂದೆ ಗಣಿ ಮುಚ್ಚುವವರೆಗೆ ಸುಮಾರು 5 ಕೋಟಿ 10 ಲಕ್ಷ ಟನ್ ಅದಿರನ್ನು ಮೇಲೆತ್ತಿ ಸುಮಾರು 800 ಟನ್ ಚಿನ್ನವನ್ನು ಪಡೆದರು. ವಾಚಕರು ಭಾಗಿಸಿ ನೋಡಲಿ: ಸರಾಸರಿ ಟನ್ನಿಗೆ ಹದಿನೈದು ಗ್ರಾಮಿಗಿಂತ ಸ್ವಲ್ಪ ಹೆಚ್ಚು. ಚಿನ್ನದ ಸಾಂದ್ರತೆ ನೀರಿನ 19.3ರಷ್ಟು. ಆದಕಾರಣ ಆ 800 ಟನ್ ಚಿನ್ನವೆಲ್ಲವನ್ನೂ ಎರಕ ಹೊಯ್ದು ಒಂದೆಡೆ ಇಟ್ಟರೆ, ಪ್ರತಿ ಬದಿ ಮೂರೂವರೆ ಮೀಟರು ಇರುವ ಒಂದು ಘನಾಕೃತಿಯಾಗುತ್ತದೆ. ಸಾಧಾರಣ ಮನೆಯ ಒಂದು ಕೋಣೆಯಷ್ಟು. ಒಂದು ಕೋಣೆಯಷ್ಟು ಲೋಹಕ್ಕಾಗಿ ಮನುಷ್ಯರು ಮೂರು ಕಿಲೋಮೀಟರಿಗೂ ಮಿಕ್ಕಿದ ಆಳಕ್ಕೆ ಇಳಿದರು. ಆ ಆಳದಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ಸನ್ನು ಮೀರುತ್ತದೆ. ಮೇಲಣ ಭಾರಕ್ಕೆ ಬಂಡೆಗಳು ಗುಂಡಿನಂತೆ ಸಿಡಿಯುತ್ತವೆ. ಪ್ರಪಂಚದ ವಿಜ್ಞಾನಿಗಳಿಗೂ ಆ ಆಳ ಉಪಯೋಗಕ್ಕೆ ಬಂತು: 1965ರಲ್ಲಿ ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋ ಕಣಗಳ ಸುಳಿವು ಅಲ್ಲಿ ದೊರೆಯಿತು. ಆದರೆ ಅದು ಬೇರೆಯೇ ಲೇಖನದ ವಿಷಯ.

ಅದಿರು ಎಂಬ ಶಬ್ದದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಮೊದಲೇ ನಿವಾರಿಸಬೇಕು. ಅದು ಭೂವಿಜ್ಞಾನದ ಶಬ್ದ ಮಾತ್ರವಲ್ಲ, ಅರ್ಥಶಾಸ್ತ್ರದ ಶಬ್ದವೂ ಹೌದು. ಒಂದು ಟನ್ ಕಲ್ಲನ್ನು ಒಡೆದು, ಮೇಲೆತ್ತಿ, ಪುಡಿಮಾಡಿ, ಸೈನೈಡಿನ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ಬೇರ್ಪಡಿಸುವ ಒಟ್ಟು ಖರ್ಚು ಐದು ಗ್ರಾಂ ಚಿನ್ನದ ಬೆಲೆಗೆ ಸಮವೆಂದು ಉದಾಹರಣೆಗಾಗಿ ಇಟ್ಟುಕೊಳ್ಳೋಣ. ಟನ್ನಿಗೆ 15 ಗ್ರಾಂ ಇರುವ ಕಲ್ಲು ಹತ್ತು ಗ್ರಾಮಿನ ಲಾಭವನ್ನು ಕೊಡುತ್ತದೆ. 4 ಗ್ರಾಂ ಇರುವ ಕಲ್ಲು ಒಂದು ಗ್ರಾಮಿನ ನಷ್ಟವನ್ನು ಕೊಡುತ್ತದೆ. ಅದರಲ್ಲಿ ಚಿನ್ನವಿದ್ದರೂ ಅದು ಅದಿರಲ್ಲ, ಬರೀ ಕಲ್ಲು. ನಾಳೆ ಚಿನ್ನದ ಬೆಲೆ ಇಮ್ಮಡಿಯಾದರೆ, ಯಾರೂ ಮುಟ್ಟದೆಯೇ ಅದೇ ಕಲ್ಲು ಅದಿರಾಗಿಬಿಡುತ್ತದೆ.

ಇದರಿಂದ ಏನು ತಿಳಿಯುತ್ತದೆ? ಗಣಿಯ ಆಯುಸ್ಸು ನೆಲದೊಳಗಿನ ಲೋಹವೊಂದರಿಂದಲೇ ನಿರ್ಧಾರವಾಗುವುದಿಲ್ಲ. ಆಳ ಹೆಚ್ಚಿದಂತೆ ಖರ್ಚು ಏರುತ್ತದೆ. ಒಳ್ಳೆಯ ಎಳೆ ಮುಗಿದಂತೆ ಅದಿರಿನ ಸತ್ತ್ವ ಇಳಿಯುತ್ತದೆ. ಬೆಲೆಯಾದರೋ ಗಣಿಯವನ ಕೈಯಲ್ಲಿಲ್ಲ. ಚಿನ್ನದ ಅಧಿಕೃತ ಅಂತರರಾಷ್ಟ್ರೀಯ ಬೆಲೆ 1934ರಿಂದ 1971ರವರೆಗೆ ಔನ್ಸಿಗೆ 35 ಡಾಲರೆಂದೇ ನಿಂತಿತ್ತು. ಆ ಮೂವತ್ತೇಳು ವರ್ಷಗಳಲ್ಲಿ ಕೂಲಿ, ಮರ, ಸಿಡಿಮದ್ದು, ಯಂತ್ರಗಳ ಬೆಲೆಗಳು ಮಾತ್ರ ನಿಂತಿರಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ವರ್ಷಕ್ಕೆ ಹದಿನೈದು ಟನ್ನಿಗೂ ಹೆಚ್ಚು ಚಿನ್ನವನ್ನು ಕೊಟ್ಟ ಗಣಿಯು ಕೊನೆಕೊನೆಗೆ ವರ್ಷಕ್ಕೆ ಒಂದು ಟನ್ನನ್ನೂ ಕೊಡದಂತಾಯಿತು.

ಒಂದು ರೂಪಾಯಿಯ ದಾರಿ

ಈಗ ಮುಖ್ಯ ಪ್ರಶ್ನೆಗೆ ಬರೋಣ. ಕೋಲಾರದ ಚಿನ್ನದಿಂದ ಹುಟ್ಟಿದ ಒಂದೊಂದು ರೂಪಾಯಿಯೂ ಎಲ್ಲಿಗೆ ಹೋಯಿತು?

ಲಾಭವು ಲಂಡನ್ನಿನ ಪಾಲುದಾರರಿಗೆ ಹೋಯಿತು. ಯಂತ್ರಗಳ ಬೆಲೆ ಇಂಗ್ಲೆಂಡಿನ ಕಾರ್ಖಾನೆಗಳಿಗೆ ಹೋಯಿತು. ಚಿನ್ನವನ್ನು ಶುದ್ಧೀಕರಿಸುವ ಕೆಲಸ ಕೂಡ ಬಹುಕಾಲ ಲಂಡನ್ನಿನಲ್ಲೇ ನಡೆಯಿತು. ಕೂಲಿಯ ಹಣ ಗಣಿಯ ಊರಿನಲ್ಲೇ ಹಂಚಿಕೆಯಾಯಿತೆಂಬುದು ನಿಜ. ಆದರೆ ಸುರಂಗದ ಕೆಲಸಗಾರರಲ್ಲಿ ಬಹುಮಂದಿ ಉತ್ತರ ಆರ್ಕಾಟು, ಸೇಲಂ ಮೊದಲಾದ ತಮಿಳು ಸೀಮೆಗಳಿಂದ ಬಂದ ಬಡವರು. ಒಂದು ಕಾಲಕ್ಕೆ ಅವರ ಸಂಖ್ಯೆ ಮೂವತ್ತು ಸಾವಿರದಷ್ಟಿತ್ತು. ಗಣಿಯ ಲೈನುಗಳಲ್ಲಿ, ತಗಡಿನ ಹಾಗೂ ತಟ್ಟಿಯ ಗುಡಿಸಲುಗಳಲ್ಲಿ ಅವರು ಬದುಕಿದರು. ಉಳಿದದ್ದನ್ನು ಊರಿಗೆ ಕಳುಹಿಸಿದರು. ಕಲ್ಲಿನ ಧೂಳು ಅನೇಕರ ಶ್ವಾಸಕೋಶಗಳನ್ನು ಸೇರಿತು. 1940ರ ದಶಕದಲ್ಲಿ ಸಾವಿರಾರು ಕಾರ್ಮಿಕರನ್ನು ಪರೀಕ್ಷಿಸಿದಾಗ ಹತ್ತರಲ್ಲಿ ನಾಲ್ವರಿಗೆ ಸಿಲಿಕೋಸಿಸ್ ಕಂಡುಬಂದಿತು. ಈ ಖರ್ಚನ್ನು ಯಾವ ಕಂಪೆನಿಯ ಲೆಕ್ಕಪುಸ್ತಕದಲ್ಲೂ ಪೂರ್ತಿಯಾಗಿ ಬರೆದದ್ದಿಲ್ಲ.

ಮೈಸೂರು ಸಂಸ್ಥಾನದ ಪಾಲಿಗೆ ಬಂದದ್ದು ಉತ್ಪತ್ತಿಯ ಮೌಲ್ಯದ ಮೇಲೆ ಶೇಕಡಾ 5ರಷ್ಟು ರಾಜಧನ, ಅನಂತರ ಲಾಭದಲ್ಲೂ ಒಂದು ಸಣ್ಣ ಪಾಲು. ಇದು ಅಲ್ಪವೆಂದು ತೋರಬಹುದು, ಅಲ್ಪವೇ ಹೌದು. ಆದರೆ ಬೇರೊಂದು ದಾರಿಯಿಂದ ಸಂಸ್ಥಾನ ಗಣಿಯನ್ನು ಜಾಣತನದಿಂದ ಬಳಸಿಕೊಂಡಿತೆಂಬುದು ನಮ್ಮ ಅಭಿಪ್ರಾಯ. ಅದು ವಿದ್ಯುತ್ತಿನ ಕಥೆ.

ಮೊದಲಲ್ಲಿ ಗಣಿಯ ಉಗಿಯಂತ್ರಗಳು ಸೌದೆ ಮತ್ತು ಕಲ್ಲಿದ್ದಲನ್ನು ತಿನ್ನುತ್ತಿದ್ದವು. ಕಲ್ಲಿದ್ದಲು ದೂರದಿಂದ ಬರಬೇಕು; ಸೌದೆಗೆ ಸುತ್ತಲ ಕಾಡುಗಳೇ ಗತಿ. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಶಿವನಸಮುದ್ರದಲ್ಲಿ ಧುಮುಕುವ ಕಾವೇರಿಯಿಂದ ವಿದ್ಯುತ್ತನ್ನು ಉತ್ಪಾದಿಸಿ 92 ಮೈಲಿ ದೂರದ ಗಣಿಗೆ ತಂತಿಯ ಮೂಲಕ ಒಯ್ಯುವ ಯೋಜನೆ ಸಿದ್ಧವಾಯಿತು. 1902ರ ಜೂನ್ ತಿಂಗಳಲ್ಲಿ ಗಣಿಗೆ ವಿದ್ಯುತ್ತು ಹರಿಯಿತು. ಅಯ್ಯರವರು ಅದನ್ನು ನೋಡಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದರು. ಆ ತಂತಿ ಆಗ ಜಗತ್ತಿನ ಅತಿ ಉದ್ದದ ವಿದ್ಯುನ್ಮಾರ್ಗಗಳಲ್ಲಿ ಒಂದಾಗಿತ್ತು.

ಇದರ ಆರ್ಥಿಕ ಮರ್ಮವನ್ನು ಗಮನಿಸಬೇಕು. ವಿದ್ಯುದಾಗಾರವನ್ನು ಕಟ್ಟಲು ಭಾರಿ ಬಂಡವಾಳ ಬೇಕು. ಹಗಲೂ ಇರುಳೂ ಕೊಂಡುಕೊಳ್ಳುವ ಗಿರಾಕಿ ಇಲ್ಲದಿದ್ದರೆ ಆ ಬಂಡವಾಳ ಮುಳುಗುತ್ತದೆ. 1902ರ ಬೆಂಗಳೂರಿನಲ್ಲಿ ಅಂಥ ಗಿರಾಕಿ ಇರಲಿಲ್ಲ, ಗಣಿಯಲ್ಲಿದ್ದನು. ಗಣಿ ಕೊಟ್ಟ ಹಣದಿಂದ ವಿದ್ಯುತ್ ಉದ್ಯಮ ತನ್ನ ಕಾಲ ಮೇಲೆ ನಿಂತಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂತು. ಬೇಸಿಗೆಯಲ್ಲಿ ಕಾವೇರಿ ಬಡವಾದಾಗ ಗಣಿಯ ವಿದ್ಯುತ್ತು ಕುಂದಬಾರದೆಂಬುದು 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರ ಕಟ್ಟೆಯ ಉದ್ದೇಶಗಳಲ್ಲಿ ಒಂದಾಗಿತ್ತು. ಮಂಡ್ಯದ ಗದ್ದೆಗೆ ಹರಿಯುವ ನೀರಿನ ಹಿಂದೆ ಕೋಲಾರದ ಚಿನ್ನದ ನೆರಳಿದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹಿರ್ಷ್‌ಮನ್ 1958ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಉದ್ಯಮಗಳ ನಡುವಣ ‘ಕೊಂಡಿ’ಗಳ ವಿಚಾರವನ್ನು ವಿವರಿಸಿದ್ದಾನೆ. ಒಂದು ಉದ್ಯಮ ತನಗೆ ಬೇಕಾದುದನ್ನು ಸ್ಥಳದಲ್ಲೇ ಕೊಂಡರೆ ಹಿಂದಣ ಕೊಂಡಿ. ಅದರ ಉತ್ಪನ್ನವನ್ನು ಬಳಸುವ ಇನ್ನೊಂದು ಉದ್ಯಮ ಪಕ್ಕದಲ್ಲೇ ಹುಟ್ಟಿದರೆ ಮುಂದಣ ಕೊಂಡಿ. ಭದ್ರಾವತಿಯನ್ನು ನೋಡಿರಿ. ಕೆಮ್ಮಣ್ಣುಗುಂಡಿಯ ಅದಿರು ಅಲ್ಲೇ ಕಬ್ಬಿಣವಾಯಿತು. ಕಬ್ಬಿಣದ ಜೊತೆಗೆ ಸಿಮೆಂಟೂ ಕಾಗದವೂ ಆ ಪಟ್ಟಣಕ್ಕೆ ಬಂದವು. ಚಿನ್ನಕ್ಕೆ ಇಂಥ ಗುಣ ಕಡಿಮೆ. ಅದು ಸಂದೂಕದಲ್ಲಿ ಕುಳಿತುಕೊಳ್ಳುವ ಲೋಹ. ಅದರಿಂದ ಗುದ್ದಲಿಯಾಗಲಿ ಪೈಪಾಗಲಿ ಆಗುವುದಿಲ್ಲ. ಕೋಲಾರದ ಗಣಿಗೆ ಸಿಕ್ಕ ಬಲವಾದ ಕೊಂಡಿ ಎಂದರೆ ವಿದ್ಯುತ್ತಿನದೊಂದೇ. ಅದರ ಇನ್ನೊಂದು ತುದಿ ಬೆಂಗಳೂರಿನಲ್ಲಿತ್ತು, ಕೋಲಾರದಲ್ಲಲ್ಲ.

ಹೀಗೆ ತಂತಿಗಳು ಹೊಲಗಳ ಮೇಲೆ ಹಾದುಹೋದವು; ಕೆಳಗಣ ಹಳ್ಳಿಗಳ ಮನೆಗಳಲ್ಲಿ ಇನ್ನೂ ಬಹುಕಾಲ ಹರಳೆಣ್ಣೆಯ ದೀಪವೇ ಉರಿಯಿತು. ಗಣಿಗೆ ವಿದ್ಯುತ್ತು ಬಂದ 1902ರಲ್ಲೇ, ಅದಕ್ಕೆ ಎರಡು ತಿಂಗಳು ಮುಂಚೆ, ಕ್ಯಾಸಂಬಳ್ಳಿಯಲ್ಲಿ ಕೆ. ಚೆಂಗಲರಾಯ ರೆಡ್ಡಿಯವರು ಜನಿಸಿದರು. ಮುಂದೆ 1947ರಲ್ಲಿ ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿಯಾದರು. ಗಣಿಯ ನೆರೆಯ ಹಳ್ಳಿ ನಾಡಿಗೆ ನಾಯಕನನ್ನು ಕೊಟ್ಟಿತು. ಗಣಿಯಿಂದ ಆ ಹಳ್ಳಿಗಳಿಗೆ ದೊರೆತದ್ದು ಹಾಲು, ಸೊಪ್ಪು, ರಾಗಿ, ಕುರಿಗಳನ್ನು ಮಾರಲು ಒಂದು ಸಂತೆ. ಅದು ಸಣ್ಣದಲ್ಲ, ಆದರೆ ಸಂತೆಗಿಂತ ಹೆಚ್ಚೇನೂ ಅಲ್ಲ.

ಅಸಲು ಮತ್ತು ಬಡ್ಡಿ

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆ ನಮ್ಮಲ್ಲಿದೆ. ಗಣಿಯ ಅರ್ಥಶಾಸ್ತ್ರವನ್ನೆಲ್ಲ ಈ ಗಾದೆಯಿಂದಲೇ ಆರಂಭಿಸಬಹುದು. ನೆಲದೊಳಗಿನ ಅದಿರು ಅಸಲು. ಅದನ್ನು ಮಾರಿ ಬಂದ ಹಣವನ್ನು ವರಮಾನವೆಂದು ಭಾವಿಸುವುದು, ಮನೆಯ ಜಂತಿಯನ್ನು ಮಾರಿ ಈ ತಿಂಗಳ ಸಂಪಾದನೆ ಹೆಚ್ಚಾಯಿತೆಂದು ಹಿಗ್ಗಿದಂತೆ. ಜಾನ್ ಹಾರ್ಟ್‌ವಿಕ್ ಎಂಬ ಅರ್ಥಶಾಸ್ತ್ರಜ್ಞ 1977ರಲ್ಲಿ ಇದನ್ನು ಒಂದು ಸೂತ್ರವಾಗಿ ರೂಪಿಸಿದನು: ಮುಗಿದುಹೋಗುವ ಸಂಪತ್ತಿನಿಂದ ಬಂದ ನಿವ್ವಳ ಹಣವನ್ನು ಮತ್ತೆ ಉತ್ಪತ್ತಿ ಕೊಡುವ ಬಂಡವಾಳದಲ್ಲಿ ತೊಡಗಿಸಿದರೆ, ಮುಂದಿನ ತಲೆಮಾರಿನ ಅನುಭೋಗ ಕುಗ್ಗುವುದಿಲ್ಲ.

ಎಷ್ಟು ಉಳಿಸಬೇಕು? ಇದಕ್ಕೆ ಪ್ರೌಢಶಾಲೆಯ ಚಕ್ರಬಡ್ಡಿಯ ಲೆಕ್ಕವೇ ಸಾಕು. ಒಂದು ಗಣಿ ಖರ್ಚು ಕಳೆದು ವರ್ಷಕ್ಕೆ 100 ರೂಪಾಯಿ ಕೊಡುತ್ತದೆ, ಇನ್ನು 20 ವರ್ಷ ಮಾತ್ರ ಬಾಳುತ್ತದೆ, ಬಡ್ಡಿ ಶೇಕಡಾ 5 ಎಂದು ಊಹಿಸೋಣ. ವರ್ಷಕ್ಕೆ 38 ರೂಪಾಯಿಯನ್ನು ಮುಟ್ಟದೆ ತೆಗೆದಿಡುತ್ತ ಬಂದರೆ ಇಪ್ಪತ್ತು ವರ್ಷಗಳ ಕೊನೆಗೆ ಸುಮಾರು 1,250 ರೂಪಾಯಿ ಕೂಡುತ್ತದೆ. ಅದರ ವಾರ್ಷಿಕ ಬಡ್ಡಿ 62 ರೂಪಾಯಿ. ಇಷ್ಟು ದಿನ ನಾವು ತಿನ್ನುತ್ತಿದ್ದುದೂ 62 ರೂಪಾಯಿಯೇ. ಅಂದರೆ ಗಣಿ ಮುಚ್ಚಿದ ಮರುದಿನ ಮನೆಯಲ್ಲಿ ಏನೂ ಬದಲಾಗುವುದಿಲ್ಲ.

ಇದೇ ಲೆಕ್ಕವನ್ನು ಗಣಿಯ ಆಯುಸ್ಸು 50 ವರ್ಷವೆಂದು ಮಾಡಿದರೆ ವರ್ಷಕ್ಕೆ 9 ರೂಪಾಯಿ ಉಳಿಸಿದರೆ ಸಾಕು. 10 ವರ್ಷವೆಂದರೆ 61 ರೂಪಾಯಿ ಉಳಿಸಬೇಕು. ವಿದ್ಯಾರ್ಥಿಗಳು ಇದನ್ನು ಸ್ವತಃ ಮಾಡಿ ನೋಡಬೇಕು, ಏಕೆಂದರೆ ಇದರಲ್ಲೊಂದು ಕಹಿಯಾದ ಸತ್ಯವಿದೆ. ಗಣಿ ಎಳೆಯದಾಗಿದ್ದಾಗ ಅಲ್ಪ ಉಳಿತಾಯ ಸಾಕಾಗುತ್ತದೆ, ಆಗ ಯಾರಿಗೂ ಮುಪ್ಪಿನ ನೆನಪಿರುವುದಿಲ್ಲ. ಗಣಿ ಮುದಿಯಾದಾಗ ಬಹುಭಾಗವನ್ನು ಉಳಿಸಬೇಕಾಗುತ್ತದೆ, ಆಗ ಉಳಿಸಲು ಲಾಭವೇ ಇರುವುದಿಲ್ಲ. ಕೋಲಾರದಲ್ಲಿ ಆದದ್ದು ಇದೇ. ಶ್ರೀಮಂತ ಎಳೆಗಳ ಕಾಲದಲ್ಲಿ ಗಣಿ ಪರದೇಶದ ಕಂಪೆನಿಗಳ ಕೈಯಲ್ಲಿತ್ತು. 1956ರ ನವೆಂಬರಿನಲ್ಲಿ ಮೈಸೂರು ಸರಕಾರವೂ 1962ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರವೂ ಅದನ್ನು ವಹಿಸಿಕೊಂಡಾಗ, ಕೈಗೆ ಬಂದದ್ದು ಆಳವಾದ, ಬಿಸಿಯಾದ, ಬಡವಾದ ಗಣಿ. ತೆಗೆದ ಚಿನ್ನವೂ ನಿಗದಿಯಾದ ಅಂತರರಾಷ್ಟ್ರೀಯ ಬೆಲೆಯಲ್ಲೇ ಕೇಂದ್ರದ ಖಜಾನೆಗೆ ಸಂದಿತು. ಪೇಟೆಯ ಬೆಲೆ ಅದಕ್ಕಿಂತ ಬಹಳ ಮೇಲಿತ್ತು. ನಷ್ಟದ ಹೊಣೆಯನ್ನು ಕಾರ್ಮಿಕರ ಸೋಮಾರಿತನದ ಮೇಲೆ ಹೊರಿಸುವವರು ಈ ಒಂದು ಅಂಶವನ್ನು ಮರೆಯುತ್ತಾರೆ.

ಇತರ ನಾಡುಗಳಲ್ಲಿ

ಒಂದು ಜಿಲ್ಲೆಯ ಅನುಭವ ಒಂದು ದೇಶದ ಅನುಭವವಾದಾಗ ಪರಿಣಾಮಗಳು ಹಿರಿದಾಗುತ್ತವೆ. 1964ರಲ್ಲಿ ಸ್ವತಂತ್ರವಾದ ಜಾಂಬಿಯಾ ದೇಶದ ರಫ್ತಿನಲ್ಲಿ ತೊಂಬತ್ತು ಪಾಲಿಗೂ ಮಿಕ್ಕಿ ತಾಮ್ರವೇ ಇತ್ತು. 1970ರ ದಶಕದ ಮಧ್ಯದಲ್ಲಿ ತಾಮ್ರದ ಬೆಲೆ ಕುಸಿಯಿತು. ಶಾಲೆ, ಆಸ್ಪತ್ರೆ, ಆಹಾರಗಳ ಖರ್ಚು ಕುಸಿಯಲಿಲ್ಲ. ದೇಶ ಸಾಲಕ್ಕೆ ಬಿದ್ದಿತು. ಪೆಸಿಫಿಕ್ ಸಾಗರದ ನೌರು ದ್ವೀಪದ ವಿಸ್ತೀರ್ಣ 21 ಚದರ ಕಿಲೋಮೀಟರು, ನಮ್ಮ ಒಂದು ಹೋಬಳಿಗಿಂತಲೂ ಚಿಕ್ಕದು. 1968ರಲ್ಲಿ ಸ್ವತಂತ್ರವಾದ ಆ ದ್ವೀಪದವರು ಗೊಬ್ಬರಕ್ಕೆ ಬೇಕಾದ ಫಾಸ್ಫೇಟನ್ನು ಅಗೆದು ಮಾರಿ, ಕೆಲಕಾಲ ಜಗತ್ತಿನ ಅತಿ ಶ್ರೀಮಂತರ ಸಾಲಿನಲ್ಲಿ ನಿಂತರು. ಉಳಿತಾಯದ ನಿಧಿಯೂ ಇತ್ತು. ಆದರೆ ಆ ನಿಧಿ ಕೆಟ್ಟ ಹೂಡಿಕೆಗಳಲ್ಲೂ ದುಂದಿನಲ್ಲೂ ಕರಗಿತು, ಫಾಸ್ಫೇಟೂ ಮುಗಿಯಿತು. ಅಂದರೆ ಉಳಿಸಿದರಷ್ಟೇ ಸಾಲದು, ಉಳಿಸಿದ್ದನ್ನು ಕಾಯುವ ವ್ಯವಸ್ಥೆಯೂ ಬೇಕು.

ಆಫ್ರಿಕದ ಬೋಟ್ಸ್‌ವಾನದ ಕಥೆ ಹೆಚ್ಚು ಆಶಾದಾಯಕ. 1966ರಲ್ಲಿ ಸ್ವತಂತ್ರವಾದಾಗ ಅದು ದನಗಾಹಿಗಳ ಬಡ ನಾಡು. ಮರುವರ್ಷ ಒರಾಪ ಎಂಬಲ್ಲಿ ವಜ್ರ ಸಿಕ್ಕಿತು. ಸರಕಾರ ಗಣಿಯಲ್ಲಿ ಸಮಪಾಲನ್ನು ಪಡೆದು, ಆ ಹಣವನ್ನು ರಸ್ತೆ, ಶಾಲೆ, ಆರೋಗ್ಯಗಳಿಗೆ ಹೂಡುವ ನಿಯಮವನ್ನು ಪಾಲಿಸುತ್ತ ಬಂದಿತು. ಮಿಕ್ಕಿದ್ದನ್ನು ಪುಲಾ ನಿಧಿ ಎಂಬ ಹೆಸರಿನಲ್ಲಿ ಪರದೇಶದ ಪತ್ರಗಳಲ್ಲಿ ತೊಡಗಿಸಿತು. ಪುಲಾ ಎಂದರೆ ಅವರ ನುಡಿಯಲ್ಲಿ ಮಳೆ. ಅವರ ನಾಣ್ಯದ ಹೆಸರೂ ಅದೇ. ಬಂಗಾರಪೇಟೆಯ ರೈತನಿಗೆ ಈ ಹೆಸರಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಈಚಿನ ವರ್ಷಗಳಲ್ಲಿ ಆ ದೇಶಕ್ಕೂ ಚಿಂತೆ ಹತ್ತಿದೆ. ಪ್ರಯೋಗಶಾಲೆಯಲ್ಲಿ ತಯಾರಾದ ವಜ್ರಗಳು ಗಣಿಯ ವಜ್ರದ ಬೆಲೆಯನ್ನು ಇಳಿಸಿವೆ.

ಇಂಥದು ಹಿಂದೆಯೂ ಆಗಿದೆ. ದಕ್ಷಿಣ ಅಮೆರಿಕದ ಚಿಲಿ ದೇಶವು ಅಟಕಾಮ ಮರುಭೂಮಿಯ ಪೆಟ್ಲುಪ್ಪಿನಿಂದ ಜಗತ್ತಿಗೆಲ್ಲ ಗೊಬ್ಬರವನ್ನೂ ಸಿಡಿಮದ್ದಿನ ಕಚ್ಚಾವಸ್ತುವನ್ನೂ ಮಾರುತ್ತಿತ್ತು. ಜರ್ಮನಿಯ ಹಾಬರ್ ಮತ್ತು ಬಾಷ್ ಅವರ ವಿಧಾನದಿಂದ 1913ರಲ್ಲಿ ಗಾಳಿಯ ಸಾರಜನಕವನ್ನೇ ಅಮೋನಿಯವನ್ನಾಗಿ ಮಾಡುವ ಕಾರ್ಖಾನೆ ಆರಂಭವಾಯಿತು. ಮುಂದಿನ ಎರಡು ದಶಕಗಳಲ್ಲಿ ಆ ಮರುಭೂಮಿಯ ಊರುಗಳು ಬರಿದಾಗತೊಡಗಿದವು. ಅಲ್ಲಿ ಉಪ್ಪು ಮುಗಿದಿರಲಿಲ್ಲ. ಅದು ಅದಿರಾಗಿ ಉಳಿಯಲಿಲ್ಲ, ಅಷ್ಟೆ.

ಪತ್ರಿಕೆಗಳಲ್ಲಿ ಆಗಾಗ ಕಾಣುವ ‘ಡಚ್ ಕಾಯಿಲೆ’ ಎಂಬ ಮಾತನ್ನೂ ಇಲ್ಲಿ ವಿವರಿಸುವುದು ಒಳ್ಳೆಯದು. 1959ರಲ್ಲಿ ನೆದರ್ಲೆಂಡಿನ ಗ್ರೋನಿಂಗೆನ್ ಎಂಬಲ್ಲಿ ಅಪಾರವಾದ ಅನಿಲ ನಿಕ್ಷೇಪ ಸಿಕ್ಕಿತು. ಅನಿಲವನ್ನು ಕೊಳ್ಳುವವರ ಹಣ ಹರಿದುಬಂದು ದೇಶದ ನಾಣ್ಯದ ಬೆಲೆ ಏರಿತು. ನಾಣ್ಯ ಏರಿದರೆ ಆ ದೇಶದ ಇತರ ಸರಕುಗಳು ಹೊರಗಿನವರಿಗೆ ದುಬಾರಿಯಾಗುತ್ತವೆ, ಕಾರ್ಖಾನೆಗಳು ಸೊರಗುತ್ತವೆ. ಹೀಗೆ ಒಂದು ಸಂಪತ್ತು ಉಳಿದ ಸಂಪತ್ತುಗಳನ್ನು ತಿಂದುಹಾಕುತ್ತದೆ. ಕೋಲಾರಕ್ಕೆ ಈ ಕಾಯಿಲೆ ತಗುಲಲಿಲ್ಲ. ಸಂಸ್ಥಾನಕ್ಕೆ ಸ್ವಂತ ನಾಣ್ಯವೇ ಇರಲಿಲ್ಲ, ಇಡೀ ಭಾರತದ ರೂಪಾಯಿಯ ಮೇಲೆ ಈ ಚಿನ್ನದ ಪ್ರಭಾವ ಅತ್ಯಲ್ಪ. ಕೋಲಾರದ ವ್ಯಾಧಿ ಬೇರೆ: ಒಂದು ಪಟ್ಟಣದ ಸಕಲ ಕೌಶಲವೂ ಒಂದೇ ಯಜಮಾನನಿಗೆ ಮುಡಿಪಾಗಿತ್ತು.

ಮುಚ್ಚಿದ ಮೇಲೆ

1972ರಲ್ಲಿ ಸ್ಥಾಪಿತವಾದ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯನ್ನು 1992ರಲ್ಲಿ ರೋಗಗ್ರಸ್ತ ಉದ್ಯಮವೆಂದು ಪರಿಗಣಿಸಲಾಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಮೂರು ಸಾವಿರಕ್ಕೂ ಹೆಚ್ಚು ಜನರ ಕೆಲಸ ಹೋಯಿತು. ನೀರೆತ್ತುವ ಪಂಪುಗಳು ನಿಂತ ಬಳಿಕ ಸುರಂಗಗಳು ನೀರಿನಿಂದ ತುಂಬಿಕೊಂಡವು. 1964ರಲ್ಲಿ ಆರಂಭವಾದ ಬಿ.ಇ.ಎಂ.ಎಲ್. ಕಾರ್ಖಾನೆ ಅಲ್ಲಿರದಿದ್ದರೆ ಪಟ್ಟಣದ ಪಾಡು ಇನ್ನೂ ಕಷ್ಟವಾಗುತ್ತಿತ್ತು. ಮಣ್ಣು ಅಗೆಯುವ ಭಾರಿ ಯಂತ್ರಗಳನ್ನು ತಯಾರಿಸುವ ಈ ಕಾರ್ಖಾನೆಯನ್ನು ಗಣಿಯ ಪಕ್ಕದಲ್ಲಿಟ್ಟದ್ದು, ಒಂದು ಉದ್ಯಮಕ್ಕೆ ಇನ್ನೊಂದನ್ನು ಆಸರೆಯಾಗಿ ಕೊಟ್ಟ ಅಪರೂಪದ ದೃಷ್ಟಾಂತ. ಆದರೂ ಮುಂಜಾನೆ ಮಾರಿಕುಪ್ಪಂನಿಂದ ಹೊರಡುವ ರೈಲುಗಳನ್ನು ನೋಡಿದವರಿಗೆ ಲೆಕ್ಕ ತಾನಾಗಿ ತಿಳಿಯುತ್ತದೆ. 1894ರಲ್ಲಿ ಗಣಿಗೆ ಯಂತ್ರಗಳನ್ನು ತರಲು ಹಾಕಿದ ಹಳಿಗಳ ಮೇಲೆ ಈಗ ಗಣಿ ಕಾರ್ಮಿಕರ ಮಕ್ಕಳೂ ಮೊಮ್ಮಕ್ಕಳೂ ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಹಿಂತಿರುಗುತ್ತಾರೆ. ಹೋಗಿಬರುವ ಹಾದಿ ಸುಮಾರು ಇನ್ನೂರು ಕಿಲೋಮೀಟರು.

ಉಳಿದದ್ದು ಬೂದುಬಣ್ಣದ ದಿಬ್ಬಗಳು. ಊರವರು ಸೈನೈಡ್ ದಿಬ್ಬ ಎನ್ನುತ್ತಾರೆ. ಚಿನ್ನವನ್ನು ತೆಗೆದು ಬಿಸುಟ ಕಲ್ಲಿನ ಹುಡಿ ಅಲ್ಲಿ ಮೂರು ಕೋಟಿ ಟನ್ನಿಗೂ ಮಿಕ್ಕಿ ಬಿದ್ದಿದೆ. ಬೇಸಿಗೆಯ ಗಾಳಿಗೆ ಮನೆಗಳೊಳಕ್ಕೂ ನುಗ್ಗುತ್ತದೆ. ಈ ಹುಡಿಯಲ್ಲೂ ಟನ್ನಿಗೆ ಒಂದು ಗ್ರಾಮಿಗಿಂತ ಕಡಿಮೆ ಚಿನ್ನವಿದೆ. ಚಿನ್ನದ ಬೆಲೆ ಏರಿರುವುದರಿಂದ, ಮೇಲೆ ನಾವು ಹೇಳಿದ ನಿಯಮದಂತೆ, ಈ ಕಸ ಮತ್ತೆ ಅದಿರಾಗುತ್ತಿದೆ. ದಿಬ್ಬಗಳಿಂದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರಲ್ಲಿ ಕರ್ನಾಟಕದ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಇಲ್ಲಿ ಕೇಳಬೇಕಾದ ಪ್ರಶ್ನೆ ಎಷ್ಟು ಚಿನ್ನ ಸಿಕ್ಕೀತು ಎಂಬುದಲ್ಲ. ಅದರ ಎಷ್ಟು ಪಾಲು ಆ ಧೂಳನ್ನು ಉಸಿರಾಡಿದ ಊರಿಗೆ ಉಳಿದೀತು ಎಂಬುದು. 2015ರ ಕಾನೂನು ತಿದ್ದುಪಡಿಯಿಂದ ಗಣಿಯಿರುವ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಖನಿಜ ಪ್ರತಿಷ್ಠಾನವನ್ನು ಸ್ಥಾಪಿಸಬೇಕೆಂದಾಗಿದೆ. ಗಣಿಯವರು ರಾಜಧನದ ಜೊತೆಗೆ ಅದರ ಒಂದಂಶವನ್ನು ಈ ನಿಧಿಗೂ ಕೊಡಬೇಕು. ಬಳ್ಳಾರಿಯ ಕಬ್ಬಿಣ, ರಾಯಚೂರಿನ ಹಟ್ಟಿಯ ಚಿನ್ನಗಳಿಗೆ ಈ ನಿಯಮ ಅನ್ವಯಿಸುತ್ತದೆ. ಕೋಲಾರದ ನೂರಿಪ್ಪತ್ತು ವರ್ಷಗಳಿಗೆ ಅನ್ವಯಿಸಲಿಲ್ಲ.

ಇನ್ನೊಂದು ಗಣಿ

ಕ್ಯಾಸಂಬಳ್ಳಿಯ ಹೊಲಕ್ಕೆ ಮರಳೋಣ. ಗಣಿ ಮುಚ್ಚಿದಾಗ ಅಲ್ಲಿನ ರೈತನ ರಾಗಿ ಒಣಗಲಿಲ್ಲ. ಜಿಲ್ಲೆಯ ರೈತರು ಹಾಲು, ಹಿಪ್ಪುನೇರಳೆ, ತರಕಾರಿಗಳಿಂದ ಬದುಕನ್ನು ಕಟ್ಟಿಕೊಂಡರು. ಕೋಲಾರದ ಟೊಮೇಟೊ ದೂರದ ರಾಜ್ಯಗಳಿಗೂ ಹೋಗುತ್ತದೆ. ಹಾಗಾದರೆ ಬೆಳೆ ಬಡ್ಡಿ, ಅದಿರು ಅಸಲು ಎಂದು ನಾವು ಆರಂಭದಲ್ಲಿ ಸೂಚಿಸಿದ್ದು ಪೂರ್ತಿ ಸರಿಯೇ? ಅಲ್ಲ. ವರ್ಷವಿಡೀ ಹರಿಯುವ ನದಿ ಈ ಜಿಲ್ಲೆಗೆ ಇಲ್ಲ. ಹಿಂದೆ ಕೆರೆಯ ನೀರು, ತೆರೆದ ಬಾವಿಯ ನೀರು; ಈಗ ಸಾವಿರ ಅಡಿಗೂ ಕೆಳಗಿಳಿದ ಕೊಳವೆ ಬಾವಿಯ ನೀರು. ವರ್ಷವೊಂದಕ್ಕೆ ಮಳೆಯಿಂದ ಇಂಗುವುದಕ್ಕಿಂತ ಹೆಚ್ಚು ನೀರನ್ನು ಮೇಲೆತ್ತಿದರೆ, ಆ ಹೆಚ್ಚಿನ ಪಾಲು ಅಸಲೇ ಸರಿ. ಬಂಡೆಯ ಬಿರುಕುಗಳಲ್ಲಿ ಬಹುಕಾಲದಿಂದ ಕೂಡಿಬಂದ ನೀರನ್ನು ತೆಗೆಯುವ ಕೊಳವೆ ಬಾವಿಯೂ ಒಂದು ಗಣಿಯೇ. ಆಳ ಹೆಚ್ಚಿದಂತೆ ವಿದ್ಯುತ್ತಿನ ಖರ್ಚು ಏರುತ್ತದೆ, ನೀರು ಇಳಿಯುತ್ತದೆ, ಟೊಮೇಟೊ ಬೆಲೆ ರೈತನ ಕೈಯಲ್ಲಿಲ್ಲ. ಚಾಂಪಿಯನ್ ರೀಫಿನ ಲೆಕ್ಕವೂ ಇದೇ ಆಗಿತ್ತು.

ಬೆಂಗಳೂರಿನ ಬಳಸಿದ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ತುಂಬಿಸುವ ಕೆಲಸ 2018ರಲ್ಲಿ ಆರಂಭವಾಯಿತು. ಆ ನೀರಿನ ಗುಣದ ಬಗ್ಗೆ ವಾದವಿವಾದಗಳುಂಟು. ಒಂದು ವಿಷಯ ಮಾತ್ರ ನಮಗೆ ಸ್ವಾರಸ್ಯವಾಗಿ ತೋರುತ್ತದೆ: ಕೋಲಾರದ ಚಿನ್ನದಿಂದ ಬೆಂಗಳೂರಿಗೆ ದೀಪ ಬಂದ ನೂರು ವರ್ಷಗಳ ಮೇಲೆ, ಬೆಂಗಳೂರಿನಿಂದ ಕೋಲಾರಕ್ಕ�� ಏನೋ ಒಂದು ಹಿಂತಿರುಗುತ್ತಿದೆ.

ಗ್ರಾಮಾಂತರದ ವಿದ್ಯಾರ್ಥಿಗಳು ಈ ಪಾಠವನ್ನು ಪುಸ್ತಕದಲ್ಲೇ ಬಿಡಬೇಕಾಗಿಲ್ಲ. ನಿಮ್ಮ ಊರಿನ ಹಿರಿಯರನ್ನು ಕೇಳಿ ಹತ್ತು ಕೊಳವೆ ಬಾವಿಗಳ ವಿವರವನ್ನು ಬರೆದುಕೊಳ್ಳಿರಿ: ಯಾವ ವರ್ಷ ಕೊರೆದದ್ದು, ಎಷ್ಟು ಅಡಿಗೆ ನೀರು ಸಿಕ್ಕಿದ್ದು, ಯಾವ ವರ್ಷ ಬತ್ತಿದ್ದು. ವರ್ಷವನ್ನು ಅಡ್ಡಗೆರೆಯಲ್ಲೂ ಆಳವನ್ನು ಲಂಬಗೆರೆಯಲ್ಲೂ ಗುರುತಿಸಿ ಒಂದು ನಕ್ಷೆಯನ್ನು ಎಳೆಯಿರಿ. ಗೆರೆ ಕೆಳಕ್ಕಿಳಿಯುತ್ತಿದ್ದರೆ ವರ್ಷಕ್ಕೆ ಎಷ್ಟು ಅಡಿಯೆಂದು ಲೆಕ್ಕಹಾಕಿ, ಅದೇ ವೇಗದಲ್ಲಿ ಇನ್ನು ಎಷ್ಟು ವರ್ಷವೆಂದು ಭಾಗಿಸಿರಿ. ಬಂದ ಸಂಖ್ಯೆಯನ್ನು ಮೇಲಣ ಬಡ್ಡಿಯ ಲೆಕ್ಕದಲ್ಲಿ 20ರ ಜಾಗದಲ್ಲಿಟ್ಟು, ನೂರು ರೂಪಾಯಿಯಲ್ಲಿ ಎಷ್ಟನ್ನು ತೆಗೆದಿಡಬೇಕೆಂದು ನೋಡಿ, ಆ ಕಾಗದವನ್ನು ಮನೆಯಲ್ಲಿ ತೋರಿಸಿರಿ.